ಘಾಟಿ ಇಳಿಯುವ ಮೊದಲು ಪ್ಯಾಡ್ ಪಳಗಿಸಿ

ನಾನು ಮೆಕ್ಯಾನಿಕ್ ಅಲ್ಲ. ಮೂಡಿಗೆರೆಯಲ್ಲಿ 19 ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಧರ್ಮಸ್ಥಳ, ಮಂಗಳೂರಿನ ಆಸ್ಪತ್ರೆ, ಬಜಪೆ ವಿಮಾನ ನಿಲ್ದಾಣ, ಯಾವ ಬಾಡಿಗೆ ಬಂದರೂ ಚಾರ್ಮಾಡಿ ಘಾಟಿ ಇಳಿಯಬೇಕು. ಮುಂದಿನ ಚಕ್ರದ ಬ್ರೇಕ್ ಪ್ಯಾಡನ್ನು ಮನೆಯಂಗಳದಲ್ಲಿ ನಾನೇ ಬದಲಾಯಿಸುತ್ತೇನೆ. ದುಡ್ಡು ಉಳಿಯುತ್ತದೆ, ಅದು ಒಂದು. ಇನ್ನೊಂದು, ಒಂದು ಸಲ ಸರಿಯಾಗಿ ಹೆದರಿದ್ದೇನೆ.

ಟ್ಯಾಕ್ಸಿ ಶುರು ಮಾಡಿದ ಎರಡನೇ ವರ್ಷ. ಬೆಳಗ್ಗೆ ಒಂದು ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿಸಿದೆ. ಮಧ್ಯಾಹ್ನವೇ ಧರ್ಮಸ್ಥಳಕ್ಕೆ ಬಾಡಿಗೆ ಸಿಕ್ಕಿತು. ನಾಲ್ಕು ಜನ, ಮಡಿಲಲ್ಲಿ ಒಂದು ಕೂಸು, ಡಿಕ್ಕಿ ತುಂಬ ಬ್ಯಾಗು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಕೈಮುಗಿದು ಹೊರಟು ನಾಲ್ಕೈದು ತಿರುವು ಇಳಿದಿರಬೇಕು, ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ. ಗಾಡಿ ಮಾತ್ರ ನಿಲ್ಲುತ್ತಿಲ್ಲ. ಫಸ್ಟ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಗುಡ್ಡದ ಬದಿಯ ಮಣ್ಣಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಹಿಂದೆ ಕೂತವರಿಗೆ, "ವಾಂತಿ ಬರೋರು ಇಳಿದು ಸ್ವಲ್ಪ ಗಾಳಿ ತಗೊಳ್ಳಿ" ಅಂದೆ. ನಿಜ ಹೇಳಲಿಲ್ಲ.

ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಏನೂ ಆಗದ ಹಾಗೆ ಹಿಡಿಯುತ್ತಿದೆ! ಸಂಜೆ ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ, ಎದುರಿಗೆ ಕೂತಿದ್ದ ಲಾರಿ ಡ್ರೈವರಿಗೆ ಈ ಕಥೆ ಹೇಳಿದೆ. "ಸೆಟ್ ಮಾಡದೆ ಘಾಟಿ ಇಳಿಸಿದ್ಯಾ ಮಾರಾಯ?" ಎಂದು ಬೈದರು. ಹೊಸ ಪ್ಯಾಡನ್ನು ಖಾಲಿ ರಸ್ತೆಯಲ್ಲಿ ಬ್ರೇಕ್ ಹಿಡಿದು ಬಿಟ್ಟು ಪಳಗಿಸುವುದಕ್ಕೆ ಸೆಟ್ ಮಾಡುವುದು ಅನ್ನುತ್ತಾರೆ. ಗ್ಯಾರೇಜಿನಲ್ಲಿ ಆ ಮಾತು ಯಾರೂ ಹೇಳಿರಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಪ್ಯಾಡ್ ಅಂದರೆ ಉಕ್ಕಿನ ತಟ್ಟೆಯ ಮೇಲೆ ಅಂಟಿಸಿದ ಒಂದು ಮಿಶ್ರಣ. ನಾರು, ಲೋಹದ ಪುಡಿ, ಗ್ರಾಫೈಟ್, ಇವನ್ನೆಲ್ಲ ಫಿನಾಲಿಕ್ ರೆಸಿನ್ ಎಂಬ ಅಂಟು ಹಿಡಿದಿಟ್ಟಿರುತ್ತದೆ. ಹೊಸ ಪ್ಯಾಡ್ ಮೊದಲ ಸಲ ಜೋರಾಗಿ ಕಾದಾಗ ಆ ಅಂಟಿನಿಂದ ಹೊಗೆಯಂತೆ ಅನಿಲ ಏಳುತ್ತದೆ. ಅದು ಪ್ಯಾಡಿಗೂ, ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ಕಬ್ಬಿಣದ ಬಿಲ್ಲೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ನೀವು ಒತ್ತುವ ಬಲವೆಲ್ಲ ಅಲ್ಲಿಗೆ ತಲುಪುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಬ್ರೇಕ್ ಆಯಿಲ್ ಕುದಿದರೆ ಹೀಗಾಗುವುದಿಲ್ಲ. ಆಗ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡರ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು. ಎಂಜಿನ್ ಆಫ್ ಮಾಡಿದರೂ ಪೆಡಲ್ ಗಟ್ಟಿಯಾಗುತ್ತದೆ, ಅದು ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಬೂಸ್ಟರಿನ ಕಥೆ. ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ಎಂಜಿನ್ ಆಫ್ ಮಾಡಿ ಇಳಿಯುವವರಿಗೆ ನಾನು ಹೇಳುವುದು ಏನೂ ಇಲ್ಲ.

ಸೆಟ್ ಮಾಡುವುದರ ಇನ್ನೊಂದು ಅರ್ಧ ನನಗೆ ತಿಳಿದದ್ದು ಅಡುಗೆಮನೆಯಲ್ಲಿ. ಮನೆಗೆ ಹೊಸ ಎರಕದ ಕಾವಲಿ ತಂದಿದ್ದೆವು. ಹೆಂಡತಿ ಅದನ್ನು ತೊಳೆದು, ಎಣ್ಣೆ ಸವರಿ, ಕಾಯಿಸಿ, ಆರಿಸಿ, ಈರುಳ್ಳಿ ಹೋಳಿನಿಂದ ಉಜ್ಜಿ, ಮತ್ತೆ ಕಾಯಿಸಿ ಒಂದೆರಡು ದಿನ ಪಳಗಿಸಿದಳು. ಆಮೇಲೆಯೇ ದೋಸೆ ಏಳಲು ಶುರುವಾದದ್ದು. ಕಾರಿನ ಡಿಸ್ಕ್ ಕೂಡ ಎರಕದ ಕಬ್ಬಿಣವೇ. ಅದರ ಮೇಲೆ ಪ್ಯಾಡಿನ ಮಿಶ್ರಣವೇ ಕಣ್ಣಿಗೆ ಕಾಣದಷ್ಟು ತೆಳ್ಳಗೆ, ಎಲ್ಲ ಕಡೆ ಒಂದೇ ಸಮ ಮೆತ್ತಿಕೊಳ್ಳಬೇಕು. ಆಮೇಲೆ ಪ್ಯಾಡ್ ತನ್ನದೇ ಪದರದ ಮೇಲೆ ಉಜ್ಜುತ್ತದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಸದ್ದು ಕಡಿಮೆಯಾಗುತ್ತದೆ. ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ" ಎಂದು ಗ್ಯಾರೇಜಿನಲ್ಲಿ ಹೇಳುವುದರಲ್ಲಿ ಎಷ್ಟೋ ಸಲ ಡಿಸ್ಕ್ ಬೆಂಡ್ ಆಗಿರುವುದಿಲ್ಲ. ಈ ಪದರ ಹಾಳಾಗಿರುತ್ತದೆ, ಅಷ್ಟೇ.

ಕೊಳಕು ಕಾವಲಿ ಪಳಗುವುದಿಲ್ಲ. ಹಾಗಾಗಿ ಮೊದಲು ಪ್ಯಾಡ್ ಹಾಕುವ ಕೆಲಸವನ್ನೇ ಹೇಳುತ್ತೇನೆ. ಕೀಚಲು ಸದ್ದಿನ ಮುಕ್ಕಾಲು ಪಾಲು ಇಲ್ಲಿಯೇ ಹುಟ್ಟುತ್ತದೆ ಎನ್ನುವುದು ನನ್ನ ಲೆಕ್ಕ.

ನನ್ನದು ಡಿಸೈರ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಮ್ಮ ಕಡೆಯ ಹೆಚ್ಚಿನ ಸಣ್ಣ ಕಾರುಗಳೂ ಹೀಗೆಯೇ. ಸಮತಟ್ಟು ಜಾಗ ಬೇಕು. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲೆ ಇದ್ದಾಗಲೇ ಸಡಿಲಿಸಿ, ಆಮೇಲೆ ಜಾಕಿ ಹಾಕಿ. ಜಾಕಿಯೊಂದನ್ನೇ ನಂಬಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಗ್ಯಾರೇಜಿಗೆ ಬಿಡಿ. ಬಿಚ್ಚಿದ ಚಕ್ರವನ್ನು ಬಾಡಿಯ ಕೆಳಗೆ ಮಲಗಿಸಿಡಿ, ಜಾಕಿ ಜಾರಿದರೂ ಕೈಕಾಲು ಉಳಿಯುತ್ತದೆ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ ಕ್ಯಾಲಿಪರ್. ಅದರ ಕೆಳಗಿನ ಬೋಲ್ಟ್ ಬಿಚ್ಚಿದರೆ ಅದು ಕಿಟಕಿ ಬಾಗಿಲಿನ ಹಾಗೆ ಮೇಲಕ್ಕೆ ಏಳುತ್ತದೆ. ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಪೈಪಿನ ಮೇಲೆ ಜೋತು ಬಿಡಬಾರದು. ಈಗ ಹಳೆಯ ಪ್ಯಾಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇದನ್ನು ಯಾರೂ ಮಾಡುವುದಿಲ್ಲ. ಸೀದಾ ಮೂಲೆಗೆ ಎಸೆಯುತ್ತಾರೆ. ಒಳಗಿನದು ಸವೆದು ಹೊರಗಿನದು ದಪ್ಪ ಉಳಿದಿದ್ದರೆ ಕ್ಯಾಲಿಪರ್ ಜಾರುವ ಪಿನ್ನು ಹಿಡಿದುಕೊಂಡಿದೆ ಎಂದು ಅರ್ಥ. ಪಿನ್ನು ಸರಿ ಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಹೋಗುತ್ತದೆ, ಹೋಗುವಾಗ ಕೂಗಿಕೊಂಡೇ ಹೋಗುತ್ತದೆ.

ನಮ್ಮ ಮಲೆನಾಡಿನ ಮಳೆಗೆ ಆ ಪಿನ್ನುಗಳು ಬೇಗ ತುಕ್ಕು ಹಿಡಿಯುತ್ತವೆ. ಎರಡನ್ನೂ ಎಳೆದು ತೆಗೆದು, ಬಟ್ಟೆಯಲ್ಲಿ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಹಾಕಿ. ಬೆರಳಿನಿಂದ ತಳ್ಳಿದರೆ ಸಲೀಸಾಗಿ ಜಾರಬೇಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡ. ಅದರಲ್ಲಿನ ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಬೂಟು ಊದಿಕೊಳ್ಳುತ್ತದೆ, ಪಿನ್ನು ಮತ್ತೆ ಬಿಗಿಯುತ್ತದೆ. ನಾನೂ ಒಂದು ಸಲ ಈ ತಪ್ಪು ಮಾಡಿ ಎರಡು ಬೂಟು ಕಳೆದುಕೊಂಡಿದ್ದೇನೆ.

ಪ್ಯಾಡಿನ ಕಿವಿಗಳು ಕೂರುವ ಜಾಗದಲ್ಲಿ ತುಕ್ಕು ಕಟ್ಟಿರುತ್ತದೆ. ಕ್ಲಿಪ್ಪು ತೆಗೆದು ವೈರ್ ಬ್ರಷ್ ಹಾಕಿ ಉಜ್ಜಿ. ಹೊಸ ಕ್ಲಿಪ್ಪು ಸಿಕ್ಕರೆ ಅದನ್ನೇ ಹಾಕಿ. ಪ್ಯಾಡ್ ಅಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಸಡಿಲವಾಗಿ ಗಲಗಲ ಅನ್ನಲೂಬಾರದು. ಮುಖಕ್ಕೆ ಮಾಸ್ಕ್ ಇರಲಿ. ಬ್ರೇಕಿನ ಧೂಳನ್ನು ಬಾಯಲ್ಲಿ ಊದುವುದು, ಏರ್ ಹಿಡಿಯುವುದು ಬೇಡ. ಹಳೆಯ ಪ್ಯಾಡಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ.

ಇನ್ನು ಡಿಸ್ಕ್. ಅಂಚಿನಲ್ಲಿಯೋ ನಡುವಿನ ಭಾಗದಲ್ಲಿಯೋ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಹೊಸದು ಹಾಕಲೇಬೇಕು, ಲೇತಿಗೆ ಕೊಡುವ ಮಾತೇ ಇಲ್ಲ. ದಪ್ಪ ಸಾಕಷ್ಟಿದ್ದು ಮೈ ಕನ್ನಡಿಯ ಹಾಗೆ ಮಿಂಚುತ್ತಿದ್ದರೆ 120ರ ಎಮರಿ ಪೇಪರ್ ತಗೊಂಡು ಎರಡೂ ಬದಿಯನ್ನು ಅಡ್ಡಾದಿಡ್ಡಿ ಉಜ್ಜಿ. ಹಳೆಯ ಪ್ಯಾಡಿನ ಪದರ ಹೋಗಿ ಮೈ ಮಂಕಾಗಬೇಕು. ಹೊಸ ಡಿಸ್ಕ್ ಆದರೆ ತುಕ್ಕು ಬಾರದಿರಲಿ ಎಂದು ಎಣ್ಣೆ ಬಳಿದು ಕಳಿಸಿರುತ್ತಾರೆ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ. ಅದು ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು ಸಾಕು. ಡೀಸೆಲ್ಲಿನಿಂದ ಒರೆಸುವವರನ್ನು ನೋಡಿದ್ದೇನೆ. ಅದಕ್ಕಿಂತ ಒರೆಸದೆ ಬಿಡುವುದೇ ವಾಸಿ. ಡಿಸ್ಕ್ ಬಿಚ್ಚಿದ್ದರೆ ಅದು ಕೂರುವ ಹಬ್ಬಿನ ಮುಖದ ತುಕ್ಕನ್ನೂ ಕೆರೆಯಿರಿ. ಅಲ್ಲಿ ಒಂದು ಚಕ್ಕೆ ಸಿಕ್ಕಿಕೊಂಡರೂ ಡಿಸ್ಕ್ ಓರೆಯಾಗಿ ತಿರುಗುತ್ತದೆ.

ಹೊಸ ಪ್ಯಾಡ್ ದಪ್ಪ ಇರುವುದರಿಂದ, ಕ್ಯಾಲಿಪರಿನೊಳಗಿಂದ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೆಯ ಪ್ಯಾಡನ್ನು ಅಡ್ಡ ಇಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನ ಒತ್ತಿ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಕಣ್ಣಿಡಿ, ಆಯಿಲ್ ಮೇಲೇರಿ ಚೆಲ್ಲುತ್ತದೆ. ಪೇಂಟಿಗೆ ತಾಗಿದರೆ ಪೇಂಟ್ ಕಿತ್ತು ಬರುತ್ತದೆ. ತಕ್ಷಣ ನೀರು ಹೊಯ್ಯಿರಿ.

ಕೀಚಲು ಸದ್ದು ಯಾಕೆ ಬರುತ್ತದೆ ಗೊತ್ತಾ? ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಕೀಂಯ್ ಅನ್ನುತ್ತಿತ್ತಲ್ಲ, ಅದೇ. ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರಿ, ಸೆಕೆಂಡಿಗೆ ಸಾವಿರಾರು ಸಲ ಪ್ಯಾಡ್ ನಡುಗುತ್ತದೆ. ಡಿಸ್ಕ್ ಗಂಟೆಯ ಹಾಗೆ ಆ ನಡುಕವನ್ನು ದೊಡ್ಡದು ಮಾಡುತ್ತದೆ. ಮೇಷ್ಟ್ರು ಏನು ಮಾಡುತ್ತಿದ್ದರು? ಸುಣ್ಣದ ಕಡ್ಡಿ ಮುರಿದು ಗಿಡ್ಡ ಮಾಡುತ್ತಿದ್ದರು, ಇಲ್ಲವೇ ಹಿಡಿಯುವ ಓರೆ ಬದಲಾಯಿಸುತ್ತಿದ್ದರು. ನಾವೂ ಅದನ್ನೇ ಮಾಡುವುದು. ಪ್ಯಾಡ್ ಡಿಸ್ಕಿಗೆ ಮೊದಲು ತಾಗುವ ಅಂಚು ಚೂಪಾಗಿದ್ದರೆ ಅರದಿಂದ ಎರಡು ಮೂರು ಮಿಲಿಮೀಟರಿನಷ್ಟು ಇಳಿಜಾರು ಮಾಡಿ. ಎರಡೂ ತುದಿಗೆ. ಕೆಲವು ಪ್ಯಾಡ್ ಹೀಗೆ ಓರೆ ಮಾಡಿಯೇ ಬರುತ್ತವೆ, ಅವನ್ನು ಮುಟ್ಟಬೇಡಿ. ಬೆನ್ನಿಗೆ ಶಿಮ್ ಎಂಬ ತೆಳು ತಗಡು ಇರಬೇಕು, ನಡುಕವನ್ನು ನುಂಗುವುದು ಅದೇ. ಹೊಸದರ ಜೊತೆ ಬರದಿದ್ದರೆ, ಅದೇ ಅಳತೆಯದಾದರೆ, ಹಳೆಯದನ್ನು ತೊಳೆದು ಹಾಕಿ. ಆಮೇಲೆ ಹೆಚ್ಚು ಬಿಸಿ ತಡೆಯುವ ಬ್ರೇಕ್ ಗ್ರೀಸ್. ಪಿಸ್ಟನ್ ತಾಗುವ ಬೆನ್ನಿನ ಭಾಗಕ್ಕೆ, ಪ್ಯಾಡಿನ ಕಿವಿಗೆ, ಕುಂಕುಮ ಇಟ್ಟಷ್ಟು. ಜಾಸ್ತಿ ಆದರೆ ಕರಗಿ ಡಿಸ್ಕಿಗೆ ಇಳಿಯುತ್ತದೆ. ಪ್ಯಾಡಿನ ಮುಖಕ್ಕೆ ಗ್ರೀಸ್ ಕೈ ತಾಗಿಸಲೇಬೇಡಿ.

ನಮ್ಮ ಸ್ಟ್ಯಾಂಡಿನ ಹುಡುಗನೊಬ್ಬ ಸದ್ದು ನಿಲ್ಲಲಿ ಎಂದು ಡಿಸ್ಕಿಗೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದ. ಸದ್ದು ನಿಂತಿತು. ಬ್ರೇಕೂ ನಿಂತಿತು. ಸದ್ಯ, ಸ್ಟ್ಯಾಂಡಿನ ಕಟ್ಟೆಗೆ ಗುದ್ದಿದ್ದು. ಎಣ್ಣೆ ಕುಡಿದ ಪ್ಯಾಡನ್ನು ಸುಟ್ಟು ಉಜ್ಜಿ ಮತ್ತೆ ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ಹೊಸ ಸೆಟ್ಟು ತನ್ನಿ. ಎರಡೂ ಬದಿಗೆ ಒಟ್ಟಿಗೆ ಬದಲಾಯಿಸಬೇಕು, ಒಂದೇ ಬದಿಗೆ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಎಲ್ಲ ಜೋಡಿಸಿ, ಬೋಲ್ಟುಗಳನ್ನು ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಿ. ಚಕ್ರದ ನಟ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದು ಬನ್ನಿ. ಉದ್ದ ಪೈಪು ಹಾಕಿ ಒಂದೊಂದನ್ನೇ ತುಳಿದು ಬಿಗಿದರೆ ಡಿಸ್ಕಿಗೆ ಓರೆ ಬೀಳುತ್ತದೆ.

ಈಗ, ಗಾಡಿ ಸ್ಟಾರ್ಟ್ ಮಾಡುವ ಮೊದಲು ಬ್ರೇಕ್ ಪೆಡಲನ್ನು ನಿಧಾನವಾಗಿ ಹತ್ತು ಹದಿನೈದು ಸಲ ತುಳಿಯಿರಿ. ಮರೆಯಬೇಡಿ. ಒಳಗೆ ತಳ್ಳಿದ ಪಿಸ್ಟನ್ ಹೊರಗೆ ಬಂದು ಪ್ಯಾಡಿಗೆ ತಾಗುವ ತನಕ ನಿಮ್ಮ ಗಾಡಿಯಲ್ಲಿ ಮುಂದಿನ ಬ್ರೇಕೇ ಇಲ್ಲ. ಅಂಗಳದಿಂದ ರಿವರ್ಸ್ ತೆಗೆಯುವಾಗ ಕಾಲು ನೆಲಕ್ಕೆ ಮುಟ್ಟಿದಾಗ ಆಗುವ ಅನುಭವ ನನಗಿದೆ, ನಿಮಗೆ ಬೇಡ. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ನೋಡಿ ಹೊರಡಿ.

ಪಳಗಿಸಲು ನಾನು ಬೆಳಗ್ಗೆ ಆರು ಗಂಟೆಗೆ ಬೇಲೂರು ಕಡೆಯ ರಸ್ತೆಗೆ ಹೋಗುತ್ತೇನೆ. ಗಾಡಿ ಖಾಲಿ ಇರಬೇಕು. ಹಿಂದೆ ಮುಂದೆ ಯಾರೂ ಇರಬಾರದು. ಮಳೆ ಬೇಡ. ಮೊದಲ ಎರಡು ಮೂರು ಕಿಲೋಮೀಟರ್ 30, 40ರಲ್ಲಿ ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟು, ಎಲ್ಲ ಸರಿ ಇದೆಯಾ ನೋಡುತ್ತೇನೆ. ಆಮೇಲೆ 60ಕ್ಕೆ ಏರಿಸಿ, ಒಂದೇ ಸಮ ಒತ್ತಿ 15ರ ತನಕ ಇಳಿಸುತ್ತೇನೆ. ಎಷ್ಟು ಜೋರು? ಪಕ್ಕದ ಸೀಟಿನ ಮೇಲಿಟ್ಟ ಟವೆಲ್ ಸ್ವಲ್ಪ ಮುಂದೆ ಜಾರಬೇಕು, ಕೆಳಗೆ ಹಾರಬಾರದು. ಚಕ್ರ ಲಾಕ್ ಆಗಬಾರದು, ಎಬಿಎಸ್ ಗಡಗಡ ಅನ್ನಬಾರದು. ಪೂರ್ತಿ ನಿಲ್ಲಿಸಬಾರದು. 15ಕ್ಕೆ ಬಂದ ಕೂಡಲೇ ಕಾಲು ತೆಗೆದು ಮತ್ತೆ ವೇಗ ಹಿಡಿಯುತ್ತೇನೆ. ಅರ್ಧ ಕಿಲೋಮೀಟರ್ ಬಿಟ್ಟು ಇನ್ನೊಂದು ಸಲ. ಹೀಗೆ ಹತ್ತು ಸಲ. ಪ್ಯಾಡಿನ ಪೆಟ್ಟಿಗೆಯಲ್ಲಿ ಕಂಪನಿಯವರು ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಮಾಡಿ, ಅವರ ಮಿಶ್ರಣ ಅವರಿಗೆ ಗೊತ್ತು.

ಆರೇಳು ಸಲ ಆಗುವಾಗ ವಾಸನೆ ಬರುತ್ತದೆ, ಸ್ವಲ್ಪ ಹೊಗೆಯೂ ಕಾಣಬಹುದು. ಹೆದರಬೇಡಿ. ಅವತ್ತು ಘಾಟಿಯಲ್ಲಿ ಬಂದಂಥ ಅನಿಲವೇ ಇಲ್ಲಿ ಖಾಲಿ ರಸ್ತೆಯಲ್ಲಿ ಬರುತ್ತಿದೆ. ಹಿಡಿತ ಕಡಿಮೆ ಆದ ಹಾಗೆ ಅನ್ನಿಸಿದರೆ ಮುಂದುವರಿಸದೆ ಆರಲು ಬಿಡಿ.

ಹತ್ತೂ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಬ್ರೇಕ್ ಮುಟ್ಟದೆ ಸುಮ್ನೆ ಓಡಿಸಿ. ಗಾಳಿಗೆ ಡಿಸ್ಕ್ ಆರಬೇಕು. ಎಲ್ಲರೂ ಕೆಡಿಸುವುದು ಇಲ್ಲೇ. ಬಿಸಿ ಇರುವಾಗ ಗಾಡಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಪ್ಯಾಡಿನ ಅಚ್ಚು ಡಿಸ್ಕಿನ ಆ ಒಂದೇ ಜಾಗಕ್ಕೆ ಬೀಳುತ್ತದೆ. ಆಮೇಲೆ ಚಕ್ರ ಸುತ್ತಿದಾಗಲೆಲ್ಲ ಅಲ್ಲಿ ದಡ್ ಅನ್ನುತ್ತದೆ. ದನ ಅಡ್ಡ ಬಂದು ನಿಲ್ಲಲೇಬೇಕಾದರೆ ನಿಂತ ಮೇಲೆ ಕಾಲು ತೆಗೆದು ಹ್ಯಾಂಡ್‌ಬ್ರೇಕ್ ಎತ್ತಿ. ಅದು ಹಿಂದಿನ ಡ್ರಮ್ಮಿಗೆ ಹೋಗುತ್ತದೆ, ಅಲ್ಲಿ ಅಷ್ಟು ಬಿಸಿ ಇರುವುದಿಲ್ಲ. ಮನೆಗೆ ಬಂದ ಕೂಡಲೇ ಚಕ್ರಕ್ಕೆ ನೀರು ಹೊಯ್ಯುವುದೂ ಬೇಡ. ಘಾಟಿ ಇಳಿದು ಉಜಿರೆ ತಲುಪುವ ಮೊದಲೇ ಬಾಟಲಿ ನೀರು ಹೊಯ್ಯುವವರನ್ನು ಈಗಲೂ ನೋಡುತ್ತೇನೆ. ಕಾದ ಕಾವಲಿಗೆ ತಣ್ಣೀರು ಸುರಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಕೇಳಿ ನೋಡಲಿ.

ಮಾರನೇ ದಿನ ಚಕ್ರದ ಸಂದಿಯಿಂದ ನೋಡಿದರೆ ಡಿಸ್ಕಿನ ಮೈ ಪೂರ್ತಿ ಒಂದೇ ಸಮ ತೆಳು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಪಟ್ಟೆ ಪಟ್ಟೆ ಕಂಡರೆ ಇನ್ನೊಂದು ಸಲ ಮಾಡಿ. ಆಮೇಲಿನ 300 ಕಿಲೋಮೀಟರ್ ಘಾಟಿ, ಪೂರ್ತಿ ಲೋಡು ಎರಡೂ ಬೇಡ. ಆ ವಾರ ನಾನು ಚಿಕ್ಕಮಗಳೂರು, ಹಾಸನದ ಬಾಡಿಗೆ ಮಾತ್ರ ಒಪ್ಪಿಕೊಳ್ಳುತ್ತೇನೆ.

ಘಾಟಿಯಲ್ಲಿಯೂ ಪದರ ಉಳಿಸಿಕೊಳ್ಳಬೇಕು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಬೇಕಾದಾಗ ಒತ್ತಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಹೀರಿದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಸದ್ದು ಬಂದರೆ ಯಾವ ಸದ್ದು ಎಂದು ಕೇಳಿಸಿಕೊಳ್ಳಿ. ಮಳೆಗಾಲದ ಬೆಳಗ್ಗೆ ಮೊದಲ ನಾಲ್ಕು ಬ್ರೇಕಿಗೆ ಕರಕರ ಎಂದು ನಿಂತರೆ ಅದು ರಾತ್ರಿ ಹಿಡಿದ ತುಕ್ಕು. ಬಿಟ್ಟುಬಿಡಿ. ಬ್ರೇಕ್ ಒತ್ತದೆ ಹೋಗುವಾಗಲೂ ಕಿರ್ ಎನ್ನುತ್ತಿದ್ದು, ಪ್ಯಾಡ್ ಹಾಕಿ ತುಂಬ ದಿನ ಆಗಿದ್ದರೆ, ಪ್ಯಾಡ್ ಸವೆದಿದೆ ಎಂದು ಹೇಳಲು ಇಟ್ಟ ತಗಡಿನ ನಾಲಿಗೆ ಡಿಸ್ಕಿಗೆ ತಾಗುತ್ತಿದೆ. ಗರಗರ ಉಜ್ಜುವ ಸದ್ದಾದರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗಿದೆ, ಅಲ್ಲಿಯೇ ನಿಲ್ಲಿಸಿ. ಮೆಲ್ಲಗೆ ಬ್ರೇಕ್ ಒತ್ತಿ ಇನ್ನೇನು ನಿಲ್ಲಬೇಕು ಎನ್ನುವಾಗ ಹಂದಿಮರಿಯಂತೆ ಕೂಗಿದರೆ ಮಾತ್ರ ಈ ಬರಹದ ಸದ್ದು. ಮೊದಲು ಮತ್ತೊಮ್ಮೆ ಪಳಗಿಸಿ ನೋಡಿ. ಊರೊಳಗೇ ಮೆಲ್ಲಗೆ ಓಡಿಸುವವರ ಪ್ಯಾಡ್ ಹೊಳಪು ಕಟ್ಟಿರುತ್ತದೆ, ಅದಕ್ಕೆ ಇಷ್ಟೇ ಸಾಕಾಗುತ್ತದೆ. ಹೋಗದಿದ್ದರೆ ಬಿಚ್ಚಿ, ಸಮತಟ್ಟು ಕಲ್ಲಿನ ಮೇಲೆ ಎಮರಿ ಪೇಪರ್ ಹಾಸಿ, ಪ್ಯಾಡಿನ ಮುಖವನ್ನು ನಾಲ್ಕಾರು ಸಲ ಉಜ್ಜಿ, ಶಿಮ್ಮು ಪಿನ್ನು ನೋಡಿ, ಮೊದಲಿನಿಂದ ಪಳಗಿಸಿ. ಆಗಲೂ ಕೂಗಿದರೆ ಪ್ಯಾಡಿನಲ್ಲಿ ಲೋಹ ಜಾಸ್ತಿ ಇರಬಹುದು. ಸೆರಾಮಿಕ್ ಪ್ಯಾಡ್ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಬೆಲೆ ಜಾಸ್ತಿ.

ಇನ್ನೊಂದಿದೆ. ಹೋದ ಮಳೆಗಾಲದಲ್ಲಿ ಎಡಗಡೆಯಿಂದ ಎದೆ ನಡುಗಿಸುವ ಕಿರ್ರ್ ಸದ್ದು. ಎರಡು ಗಂಟೆ ಎಲ್ಲ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಜೋಡಿಸಿದೆ. ಮತ್ತೆ ಅದೇ. ನೋಡಿದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಡಲೆಬೀಜದಷ್ಟು ಜಲ್ಲಿ ಕಲ್ಲು. ಸ್ಕ್ರೂಡ್ರೈವರಿನಿಂದ ತಗಡನ್ನು ಸ್ವಲ್ಪ ಬಗ್ಗಿಸಿದೆ, ಉದುರಿತು. ಈಗ ಏನು ಸದ್ದು ಬಂದರೂ ಮೊದಲು ಅಲ್ಲಿ ಟಾರ್ಚ್ ಬಿಡುತ್ತೇನೆ.